3.5 ಲಕ್ಷಕ್ಕೆ ಒಂದು ಬ್ಲಾಗ್ ಮಾರಾಟಕ್ಕಿದೆ. ತಗೊಳ್ಲಾ, ಬೇಡ್ವಾ?

ಮೂರನೇಕ್ರಾಸ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ರಾಜಾಜಿನಗರದವನು. ಆಫೀಸಿನವರ ಜೊತೆ ಹಾಕಿದ್ದ ಚೀಟಿ ಹೋದ ತಿಂಗಳು ಎತ್ತಿದೆ, 3.5 ಲಕ್ಷ ಕೈಗೆ ಬಂತು. ಎಫ್‌ಡಿ ಇಟ್ಟರೆ ಬರೋ ಬಡ್ಡಿ ಗಾಡಿ ಪೆಟ್ರೋಲಿಗೂ ಸಾಲಲ್ಲ. ಬೆಂಗಳೂರಲ್ಲಿ ಈ ದುಡ್ಡಿಗೆ ಸೈಟು ಅಂದ್ರೆ ನಾಲ್ಕು ಬೇಲಿ ಕಲ್ಲು ಸಿಗುತ್ತೆ ಅಷ್ಟೆ.

ಸ್ನೇಹಿತನೊಬ್ಬ ಬ್ಲಾಗ್ ಒಂದನ್ನ ತೋರಿಸಿದ. ಕನ್ನಡದ್ದು. ಸರ್ಕಾರಿ ಕೆಲಸದ ಅಧಿಸೂಚನೆ, ಹಾಲ್ ಟಿಕೆಟ್, ಫಲಿತಾಂಶ ಇಂಥವೇ ಇರೋದು. ನಾಲ್ಕು ವರ್ಷ ಹಳೇದು, ಸುಮಾರು 600 ಪೋಸ್ಟ್. ಮಾಲೀಕರು ತುಮಕೂರಿನವರು. ಆಡ್‌ಸೆನ್ಸ್‌ನಿಂದ (ಗೂಗಲ್ ಕೊಡೋ ಜಾಹೀರಾತು ದುಡ್ಡು) ಖರ್ಚು ಕಳೆದು ತಿಂಗಳಿಗೆ 14,000 ಉಳಿಯುತ್ತಂತೆ. ಕೇಳ್ತಿರೋದು 25 ತಿಂಗಳ ಲಾಭ, ಅಂದ್ರೆ 3.5 ಲಕ್ಷ. ನನ್ನ ಲೆಕ್ಕದಲ್ಲಿ ವರ್ಷಕ್ಕೆ ನೂರಕ್ಕೆ 48 ಬಂತು. ಯಾವ ಬ್ಯಾಂಕು ಕೊಡುತ್ತೆ ಹೇಳಿ?

ಮನೇಲಿ "ಒಂದು ಸೈಟ್ ನೋಡಿದೀನಿ" ಅಂದೆ. ಅಮ್ಮ ಖುಷಿಯಾಗಿ "ಎಷ್ಟು ಬೈ ಎಷ್ಟು? ಕಾರ್ನರ್ರಾ?" ಅಂದ್ರು. ವಿವರಿಸಿದ ಮೇಲೆ ಎರಡು ದಿನದಿಂದ ಮಾತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಬಿಸಿಬೇಳೆ_ಬ್ರೋ

ಹೋಮ್‌ಪೇಜು ಪೂರ್ವಕ್ಕೆ ಮುಖ ಮಾಡಿದ್ರೆ ಕಣ್ಣುಮುಚ್ಕೊಂಡು ತಗೊಳ್ಳಿ ಸಾರ್.

ಎಸ್ಪಿರೋಡ್_ಎಂಜಿನಿಯರ್

ನಾನು ಈ ವ್ಯಾಪಾರದಲ್ಲಿ ಆರು ವರ್ಷ ಇದ್ದೆ. ಎಂಟು ಕೊಂಡು ಐದು ಮಾರಿದೀನಿ. ಉಳಿದ ಮೂರು ಸತ್ತವು. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ತಿಂಗಳ ನಿವ್ವಳ ಲಾಭಕ್ಕೆ ಇಷ್ಟು ಪಟ್ಟು ಅಂತ ಬೆಲೆ ಕಟ್ಟೋದು ಎಲ್ಲಾ ಕಡೆ ಇರೋ ಪದ್ಧತಿನೇ. 2009ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಫ್ಲಿಪ್ಪಾ ಅನ್ನೋ ಸಂತೆ ಇದೆ, ಎಂಪೈರ್ ಫ್ಲಿಪ್ಪರ್ಸ್ ಥರ ದಲ್ಲಾಳಿಗಳಿದ್ದಾರೆ. 25ರಿಂದ 40 ಪಟ್ಟಿನ ಮಾತು ಅಲ್ಲಿ ದಿನಾ ಕೇಳಿಸುತ್ತೆ. ನಿಮ್ಮ ಪ್ರಶ್ನೆ "ಬ್ಯಾಂಕು ಯಾಕೆ 48 ಕೊಡಲ್ಲ" ಅಂತ. ಅದನ್ನೇ ತಿರುಗಿಸಿ ಕೇಳ್ಕೊಳ್ಳಿ: ವರ್ಷಕ್ಕೆ ನೂರಕ್ಕೆ 48 ಕೊಡೋ ಹಸುನ ಒಬ್ಬ ಯಾಕೆ ಮಾರ್ತಾನೆ? ಇದು ಎರಡು ವರ್ಷದ ಮೇಲೆ ಹಾಲು ಕೊಡೋದು ಅನುಮಾನ ಅಂತ ಸಂತೆಗೇ ಗೊತ್ತಿದೆ. ಬೆಲೆ ಕಮ್ಮಿ ಇರೋದೇ ಅದಕ್ಕೆ.

ಅನುಮಾನ ಯಾಕೆ? ಗಿರಾಕಿ ಬರೋ ರಸ್ತೆ ಗೂಗಲ್‌ದು. ಅವರು ರಸ್ತೆ ತಿರುಗಿಸಿದ್ರೆ ನಿಮ್ಮ ಅಂಗಡಿ ಹಾಳು. 2011ರ ಪಾಂಡಾ, 2012ರ ಪೆಂಗ್ವಿನ್ ಅಂತ ಹುಡುಕಾಟದ ಕ್ರಮ ಬದಲಿಸಿದ ಕಾಲದಲ್ಲೂ ಆಯ್ತು, 2023ರ ಸೆಪ್ಟೆಂಬರ್‌ನಲ್ಲೂ ಆಯ್ತು. ನನ್ನ ಮೂರರಲ್ಲಿ ಎರಡು ಸತ್ತಿದ್ದು ಆ ಸೆಪ್ಟೆಂಬರ್‌ನಲ್ಲೇ. ರಾತ್ರಿ ಊಟ ಮಾಡಿ ಮಲಗಿದ್ದೆ, ಎರಡು ವಾರದಲ್ಲಿ ಮುಕ್ಕಾಲು ಪಾಲು ಓದುಗರು ಮಾಯ. ಈಗ ಹುಡುಕಿದ ಪುಟದ ತಲೆ ಮೇಲೇ ಎಐ ಉತ್ತರ ಬೇರೆ. ನಮ್ಮ ದೇಶಕ್ಕೆ 2024ರ ಆಗಸ್ಟ್‌ನಲ್ಲಿ ಇಂಗ್ಲಿಷ್, ಹಿಂದಿಯಲ್ಲಿ ಬಂತು. ಉತ್ತರ ಅಲ್ಲೇ ಸಿಕ್ಕಿದ್ರೆ ನಿಮ್ಮ ಮನೆ ಬಾಗಿಲಿಗೆ ಯಾರು ಬರ್ತಾರೆ?

ಒಂದು ಪ್ರಶ್ನೆ. 14,000 ಅಂದ್ರಲ್ಲ, ಯಾವ ತಿಂಗಳ ಸ್ಕ್ರೀನ್‌ಶಾಟ್ ಕೊಟ್ಟಿದ್ದಾರೆ?

ಹುಬ್ಳಿಯಾಂವ

ನೀರಾಗ ಇರೋ ಎಮ್ಮಿ ವ್ಯಾಪಾರ ದಂಡಿ ಮ್ಯಾಲ ನಿಂತು ಮಾಡಬ್ಯಾಡ್ರಿ ಅಂತ ನಮ್ಮ ಮುತ್ಯಾ ಹೇಳ್ತಿದ್ದ. ಇಲ್ಲಿ ಎಮ್ಮಿನೂ ಕಾಣಂಗಿಲ್ಲ, ನೀರೂ ಕಾಣಂಗಿಲ್ಲ, ಬರೇ ಫೋಟೋ.

ಮೂರನೇಕ್ರಾಸ್

@ಎಸ್ಪಿರೋಡ್ ಏಪ್ರಿಲ್, ಮೇ, ಜೂನ್. ಕ್ರಮವಾಗಿ 15,400, 18,900, 7,700. ಸರಾಸರಿ ಸರಿಯಾಗಿ 14,000.

ಎಸ್ಪಿರೋಡ್_ಎಂಜಿನಿಯರ್

ಅಯ್ಯೋ ದೇವರೇ. ಪಿಯು ಫಲಿತಾಂಶ ಯಾವಾಗ ಬರುತ್ತೆ? ಏಪ್ರಿಲ್. ಎಸ್‌ಎಸ್‌ಎಲ್‌ಸಿ? ಮೇ. ಗೌರಿ ಹಬ್ಬದ ಹಿಂದಿನ ದಿನ ಗಾಂಧಿಬಜಾರಿನ ಹೂವಿನ ಅಂಗಡಿ ಗಲ್ಲಾ ತೋರಿಸಿ "ವರ್ಷವಿಡೀ ಹಿಂಗೇ" ಅಂದ ಹಾಗಾಯ್ತು. ಹನ್ನೆರಡು ತಿಂಗಳದ್ದು ಕೇಳಿ. ಸ್ಕ್ರೀನ್‌ಶಾಟ್ ಬೇಡ, ಬ್ರೌಸರ್‌ನಲ್ಲಿ ಬಲಬದಿ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಅಂತ ಒತ್ತಿದ್ರೆ ನಮ್ಮ ಪಾಪುನೂ 7ನ್ನ 70 ಮಾಡ್ತಾಳೆ. ವೀಡಿಯೊ ಕಾಲ್‌ನಲ್ಲಿ ಪರದೆ ಹಂಚ್ಕೊಂಡು, ಪುಟ ರಿಫ್ರೆಶ್ ಮಾಡಿಸಿ ನೋಡಿ. ಎಷ್ಟು ಜನ ಎಲ್ಲಿಂದ ಬರ್ತಾರೆ ಅಂತ ತೋರಿಸೋ ಗೂಗಲ್‌ನ ಅನಲಿಟಿಕ್ಸ್, ಸರ್ಚ್ ಕನ್ಸೋಲ್ ಎರಡಕ್ಕೂ ನೋಡೋಕಷ್ಟೇ ಅನುಮತಿ ಕೊಡಬಹುದು, ಕೊಡಲ್ಲ ಅಂದ್ರೆ ಮಾತು ಅಲ್ಲಿಗೇ ನಿಲ್ಲಿಸಿ.

ಕುಡ್ಲದಿಂದ

ಎಂತ ಮಾರಾಯ್ರೆ, ಎಲ್ಲರೂ ಹೆದರಿಸುವುದೇ. ನಾನು 2021ರಲ್ಲಿ ತಾರಸಿ ತೋಟದ ಬಗ್ಗೆ ಒಂದು ಇಂಗ್ಲಿಷ್ ಬ್ಲಾಗ್ 90 ಸಾವಿರಕ್ಕೆ ತೆಗೆದುಕೊಂಡೆ. ಎರಡು ವರ್ಷದಲ್ಲಿ ಹಾಕಿದ್ದು ವಾಪಸ್ ಬಂತು. ಈಗಲೂ ತಿಂಗಳಿಗೆ ಐದಾರು ಸಾವಿರ ಬರ್ತದೆ. ಮುಖ್ಯ ಎಂತ ಅಂದರೆ ನನಗೆ ಗಿಡದ ಮರ್ಲು ಉಂಟು. ಹಳೇ ಪೋಸ್ಟಿನ ತಪ್ಪು ತಿದ್ದಿದೆ, ನಮ್ಮ ತಾರಸಿಯ ಬಸಳೆಯ ಫೋಟೋ ಹಾಕಿದೆ, ಓದುವವರಿಗೆ ಇಮೇಲ್ ಕಳಿಸ್ಲಿಕ್ಕೆ ಶುರು ಮಾಡಿದೆ. ಗೂಗಲ್ ಬಿದ್ದಾಗಲೂ ಇಮೇಲಿನವರು ಬಿಡಲಿಲ್ಲ.

ಕೊಂಡು ಸುಮ್ಮನೆ ಕೂತ್ಕೊಳ್ಳುವವರಿಗೆ ಮಾತ್ರ ಇದು ಆಗುವುದಿಲ್ಲ.

ಎಸ್ಪಿರೋಡ್_ಎಂಜಿನಿಯರ್

ಒಪ್ಪಿದೆ. ಆದ್ರೆ ಅದನ್ನ ಹೂಡಿಕೆ ಅನ್ಬೇಡಿ, ದುಡ್ಡು ಕೊಟ್ಟು ಕೊಂಡ ಕೆಲಸ ಅನ್ನಿ. ಬಾಡಿಗೆ ಮನೆ ಅಲ್ಲ, ನಡೆಯೋ ಬೇಕರಿ. ಬೆಳಗ್ಗೆ ನಾಲ್ಕಕ್ಕೆ ಎದ್ದು ಬನ್ ಬೇಯಿಸೋರು ಯಾರು ಅಂತ ಮೊದಲು ತೀರ್ಮಾನ ಆಗ್ಬೇಕು.

ಪುದೀನಾಚಟ್ನಿ

ಇಲ್ಲಿ ಎಲ್ಲರೂ ಕೊಳ್ಳೋರ ಕಡೆಯಿಂದ ಮಾತಾಡ್ತಿದ್ದೀರಿ. ನಾನು ಮಾರಿದವಳು.

2009ರಿಂದ ಅಡುಗೆ ಬ್ಲಾಗ್ ಬರೀತಿದ್ದೆ, ನಮ್ಮಮ್ಮ ಹೇಳಿದ್ದೆಲ್ಲ. ಗೊಜ್ಜವಲಕ್ಕಿ, ಹೆಸರುಬೇಳೆ ತೊವ್ವೆ, ಬಾಣಂತಿ ಖಾರದ ಪುಡಿ. ಅಮ್ಮ ಅಳತೆ ಹೇಳ್ತಾ ಇರಲಿಲ್ಲ, "ಕಣ್ಣಂದಾಜು" ಅಂತಿದ್ರು. ನಾನು ಪಕ್ಕದಲ್ಲಿ ಸ್ಪೂನ್ ಹಿಡ್ಕೊಂಡು ಅಳೆದು ಬರ್ಕೊಳ್ತಿದ್ದೆ. ಅಮ್ಮ ತೀರಿಕೊಂಡ ವರ್ಷ ನನಗೆ ಬರೆಯೋಕೆ ಆಗ್ಲಿಲ್ಲ. ಯಾರೋ ಮೇಲ್ ಮಾಡಿ 2.2 ಲಕ್ಷ ಕೊಡ್ತೀನಿ ಅಂದ್ರು. ಮಗನ ಕಾಲೇಜ್ ಫೀಸ್ ಕಟ್ಟೋ ಸಮಯ, ಕೊಟ್ಬಿಟ್ಟೆ. ದುಡ್ಡು ಪೂರ್ತಿ ಬಂತು, ಅದರಲ್ಲಿ ಮೋಸ ಇಲ್ಲ.

ಆರು ತಿಂಗಳಾದ್ಮೇಲೆ ಅಕ್ಕನ ಮಗಳು ಫೋನ್ ಮಾಡಿ "ಚಿಕ್ಕಮ್ಮ, ನಿನ್ನ ಬ್ಲಾಗಲ್ಲಿ ಬೆಟ್ಟಿಂಗ್ ಆಪ್ ಜಾಹೀರಾತು ಬರ್ತಿದೆ" ಅಂದ್ಳು. ಹೋಗಿ ನೋಡಿದ್ರೆ ಅಮ್ಮನ ಬಾಣಂತಿ ಖಾರದ ನಡುವೆ ಕ್ರಿಕೆಟ್ ಸಟ್ಟಾ ಲಿಂಕು. ಬರೆದವರ ಹೆಸರಿನ ಜಾಗದಲ್ಲಿ ಯಾರೋ "ಡಯಟ್ ತಜ್ಞೆ"ಯ ಫೋಟೋ. ನಾನು ಮಾರಿದ್ದು ಏನು, ಅವರು ಕೊಂಡಿದ್ದು ಏನು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಹಾಸನದ_ಹುಡುಗಿ

ಅಕ್ಕಾ, ಓದಿ ಹೊಟ್ಟೆ ಉರೀತು. ಆ ಪೋಸ್ಟುಗಳ ಪ್ರತಿ ನಿಮ್ಮ ಹತ್ರ ಇದ್ಯಾ? ಇಲ್ಲದಿದ್ರೆ ವೇಬ್ಯಾಕ್ ಮೆಷಿನ್‌ನಲ್ಲಿ ಹಳೇ ವಿಳಾಸ ಹಾಕಿ ನೋಡಿ, ಹಳೇ ವೆಬ್‌ಪುಟಗಳ ಪ್ರತಿ ವರ್ಷವಾರು ಉಳಿಸಿರ್ತಾರೆ.

ಪುದೀನಾಚಟ್ನಿ

ಗೊಜ್ಜವಲಕ್ಕಿ ಸಿಕ್ತು ಕಣಮ್ಮ! ಫೋಟೋ ಇಲ್ಲ, ಬರಹ ಇದೆ. ಥ್ಯಾಂಕ್ಸ್.

ಕೋರ್ಟ್_ಕಾರಿಡಾರ್

ವಕೀಲನಾಗಿ ಎರಡು ಮಾತು, ಸಲಹೆ ಅಂತ ಹಿಡ್ಕೋಬೇಡಿ.

@ಪುದೀನಾಚಟ್ನಿ ಮೇಡಂ, 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ನೋಡಿ. ಹಕ್ಕು ಬರೆದುಕೊಟ್ಟ ಮೇಲೂ "ಇದು ನಾನು ಬರೆದದ್ದು" ಅಂತ ಹೇಳಿಕೊಳ್ಳೋ ಹಕ್ಕು ಲೇಖಕರ ಹತ್ರ ಉಳಿಯುತ್ತೆ. ಗೌರವಕ್ಕೆ ಕುಂದು ಬರೋ ಹಾಗೆ ತಿರುಚಿದ್ರೆ ಪ್ರಶ್ನಿಸಲೂಬಹುದು. ಬರೀ ಸಾಮಗ್ರಿ ಪಟ್ಟಿಗೆ ರಕ್ಷಣೆ ಸಿಗೋದು ಕಷ್ಟ, ನೀವು ಬರೆದ ಮಾತಿಗೆ ಸಿಗುತ್ತೆ. ನಿಮ್ಮ ಕರಾರು ಪತ್ರ ತಂದು ಯಾರಾದ್ರೂ ಒಳ್ಳೆ ವಕೀಲರಿಗೆ ತೋರಿಸಿ.

ಕೊಳ್ಳೋರಿಗೆ: ಅದೇ ಕಾಯ್ದೆಯ 19ನೇ ಸೆಕ್ಷನ್. ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು, ವಾಟ್ಸಾಪಲ್ಲಿ "ಓಕೆ ಡನ್" ಸಾಲಲ್ಲ. ಎಷ್ಟು ಕಾಲಕ್ಕೆ ಅಂತ ಬರೆಯದಿದ್ರೆ ಐದೇ ವರ್ಷ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ರೆ ಭಾರತಕ್ಕೆ ಮಾತ್ರ. ಜನ 40 ತಿಂಗಳ ಲಾಭ ಕೊಟ್ಟು ಕೊಳ್ತಾರೆ, ಒಂದು ಸಾಲು ಬರೆಸದೆ ಬಿಡ್ತಾರೆ. ಇನ್ನೊಂದು, ಬ್ಲಾಗಿನಲ್ಲಿ ಬೇರೆಯವರು ಅತಿಥಿಯಾಗಿ ಬರೆದದ್ದಿದ್ರೆ ಅದು ಮಾಲೀಕನದ್ದಲ್ಲ. ಅವನದ್ದಲ್ಲದ್ದನ್ನ ಅವನು ಹೇಗೆ ಮಾರ್ತಾನೆ?

ಬಿಸಿಬೇಳೆ_ಬ್ರೋ

ಅಂದ್ರೆ ಬ್ಲಾಗಿಗೂ ಮದರ್ ಡೀಡ್, ಇಸಿ ನೋಡ್ಬೇಕು ಅನ್ನಿ. ಎ ಖಾತಾನೋ ಬಿ ಖಾತಾನೋ?

ಕೋರ್ಟ್_ಕಾರಿಡಾರ್

ತಮಾಷೆಗೆ ಅಂದ್ರೂ ಸರಿಯಾಗೇ ಅಂದ್ರಿ. ಹೆಚ್ಚಿನವು ರೆವಿನ್ಯೂ ಸೈಟೇ. ಅದೂ ರೆವಿನ್ಯೂ ಇಲ್ಲದ ರೆವಿನ್ಯೂ ಸೈಟು.

ಜಾಲಹಳ್ಳಿ_ಕ್ರಾಸ್

ಇ-ಖಾತಾ ಅಂದ್ರಲ್ಲ, ಯಾರಿಗಾದ್ರೂ ಬೇಗ ಸಿಕ್ತಾ? ನಾನು ಅರ್ಜಿ ಹಾಕಿ ಕೂತಿದೀನಿ, ಹೆಸರಲ್ಲಿ ಇನಿಶಿಯಲ್ ತಾಳೆ ಆಗ್ತಿಲ್ಲ ಅಂತಿದ್ದಾರೆ.

ಹುಬ್ಳಿಯಾಂವ

ಯಪ್ಪಾ, ಯಾರೂ ಇ-ಖಾತಾ ಅಂದಿಲ್ಲರೀ. ಬೆಂಗಳೂರಾಗ ಏನ್ ಮಾತು ತಗದ್ರೂ ಕಡೀಕ ಖಾತಾಕ್ಕ ಬಂದು ನಿಲ್ತದ.

ಹಳೇಕೀಬೋರ್ಡ್

ಇದೆಲ್ಲ ಓದ್ತಾ ಬೇಸರ ಆಯ್ತು. 2007ರ ಸುಮಾರಿಗೆ ನಾವು ಕನ್ನಡದಲ್ಲಿ ಬ್ಲಾಗ್ ಶುರು ಮಾಡಿದಾಗ ಯೂನಿಕೋಡ್ ಅಕ್ಷರ ಸರಿಯಾಗಿ ಮೂಡಿದ್ರೆ ಅದೇ ಹಬ್ಬ. ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿ, ಬ್ಲಾಗರ್‌ಗೆ ಅಂಟಿಸಿ, ಒತ್ತಕ್ಷರ ಒಡೆದು ಹೋಗಿರೋದನ್ನ ಕೂತು ತಿದ್ದೋದು. ಸಂಪದ, ಕೆಂಡಸಂಪಿಗೆ ಥರದ ಜಾಲತಾಣ ಓದ್ಕೊಂಡು ರಾತ್ರಿ ಎರಡು ಗಂಟೆವರೆಗೆ ಪ್ರತಿಕ್ರಿಯೆ ಬರೀತಿದ್ವಿ. ಹತ್ತು ಜನ ಓದಿದ್ರೆ ಹತ್ತೂ ಜನರ ಹೆಸರು ಗೊತ್ತಿರ್ತಿತ್ತು. ಅದಕ್ಕೆ ಪಟ್ಟು ಲೆಕ್ಕ ಹಾಕಿ ಬೆಲೆ ಕಟ್ಟೋದು ಅಂದ್ರೆ ಡೈರಿ ತೂಕಕ್ಕೆ ಹಾಕಿದ ಹಾಗೆ.

ಎಸ್ಪಿರೋಡ್_ಎಂಜಿನಿಯರ್

ಸಾರ್, ಗೌರವದಿಂದಲೇ ಹೇಳ್ತೀನಿ, ಬ್ಲಾಗ್ ಮಾರಾಟ ಇವತ್ತು ಹುಟ್ಟಿದ್ದಲ್ಲ. 2005ರಲ್ಲೇ ಅಮೆರಿಕದ ಎಒಎಲ್ ಕಂಪನಿ ಒಂದು ಇಡೀ ಬ್ಲಾಗ್ ಸಮೂಹ ಕೊಂಡಿತ್ತು, ವೆಬ್‌ಲಾಗ್ಸ್ ಇಂಕ್. 2010ರಲ್ಲಿ ಟೆಕ್‌ಕ್ರಂಚ್, 2011ರಲ್ಲಿ 31.5 ಕೋಟಿ ಡಾಲರ್ ಕೊಟ್ಟು ಹಫಿಂಗ್ಟನ್ ಪೋಸ್ಟ್.

ಹಳೇಕೀಬೋರ್ಡ್

ಆ ಹಫಿಂಗ್ಟನ್ ಪೋಸ್ಟಿಗೆ ಪುಕ್ಕಟೆ ಬರೆದುಕೊಟ್ಟವರು "ನಮ್ಮ ಪಾಲೆಲ್ಲಿ" ಅಂತ ಕೋರ್ಟಿಗೆ ಹೋದ್ರು. 2012ರಲ್ಲಿ ಕೇಸು ವಜಾ ಆಯ್ತು. ಅದನ್ನೂ ಸೇರಿಸಿ ಹೇಳಿ.

ಎಸ್ಪಿರೋಡ್_ಎಂಜಿನಿಯರ್

ಅದು ನಿಜ.

ಲೆಕ್ಕದಮೇಷ್ಟ್ರು

ತೆರಿಗೆ ವಿಷಯ ಯಾರೂ ಎತ್ತಿಲ್ಲ. ಆಡ್‌ಸೆನ್ಸ್ ಆದಾಯ ಸುಮ್ನೆ ಬಂದ ದುಡ್ಡಲ್ಲ, ರಿಟರ್ನ್‌ನಲ್ಲಿ ತೋರಿಸಬೇಕು. ಬ್ಲಾಗನ್ನ 24 ತಿಂಗಳಿಗಿಂತ ಹೆಚ್ಚು ಇಟ್ಟು ಮಾರಿದ್ರೆ ದೀರ್ಘಾವಧಿ ಲಾಭ, 2024ರ ಜುಲೈ 23ರ ನಂತರ ನೂರಕ್ಕೆ 12.5. ಅದಕ್ಕಿಂತ ಬೇಗ ಮಾರಿದ್ರೆ ನಿಮ್ಮ ಸ್ಲ್ಯಾಬ್. ಎಸ್ಪಿರೋಡ್ ಅವರ ಥರ ಎಂಟು ಕೊಂಡು ಐದು ಮಾರೋರನ್ನ ಇಲಾಖೆ ವ್ಯಾಪಾರಿ ಅಂತಲೇ ನೋಡಬಹುದು, ಆಗ ಲೆಕ್ಕವೇ ಬೇರೆ.

ಫ್ಲಿಪ್ಪಾದಲ್ಲಿ ಹೊರದೇಶದವರಿಂದ ಕೊಳ್ಳೋರು ಗಮನಿಸಿ: ಒಬ್ಬ ವ್ಯಕ್ತಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು, 10 ಲಕ್ಷ ರೂಪಾಯಿ ದಾಟಿದ್ರೆ ಬ್ಯಾಂಕು ಟಿಸಿಎಸ್ ಅಂತ ಮೂಲದಲ್ಲೇ ತೆರಿಗೆ ಹಿಡಿಯುತ್ತೆ. ಕಳಿಸೋ ಮೊದಲು ಬ್ಯಾಂಕಲ್ಲಿ ಕಾರಣ ಸರಿಯಾಗಿ ಬರೆಸಿ. "ಬ್ಲಾಗ್ ಖರೀದಿ" ಅಂದ್ರೆ ಕೌಂಟರಿನವರು ನಿಮ್ಮ ಮುಖ ನೋಡ್ತಾರೆ, ನೋಡ್ಲಿ.

ಹಾಸನದ_ಹುಡುಗಿ

ಇನ್ನೊಂದು ಮುಖ್ಯ ವಿಷಯ, ಆಡ್‌ಸೆನ್ಸ್ ಖಾತೆ ಬ್ಲಾಗಿನ ಜೊತೆ ಬರಲ್ಲ. ಅದು ಒಬ್ಬರಿಂದ ಇನ್ನೊಬ್ಬರಿಗೆ ವರ್ಗ ಆಗೋದಿಲ್ಲ. ನೀವು ನಿಮ್ಮ ಹೆಸರಲ್ಲೇ ಅರ್ಜಿ ಹಾಕಿ, ಸೈಟಿಗೆ ಒಪ್ಪಿಗೆ ತಗೋಬೇಕು. ಒಪ್ಪಿಗೆ ಸಿಗದಿದ್ರೆ 14,000 ಬಿಡಿ, 14 ರೂಪಾಯಿನೂ ಇಲ್ಲ.

ಜಾಲಹಳ್ಳಿ_ಕ್ರಾಸ್

ಜೊತೆಗೆ ಆ ಪಿನ್ ಕಥೆ! ಸಂಪಾದನೆ 10 ಡಾಲರ್ ಆದ್ಮೇಲೆ ವಿಳಾಸ ಖಚಿತ ಮಾಡೋಕೆ ಗೂಗಲ್‌ನವರು ಅಂಚೆಯಲ್ಲಿ ಪಿನ್ ಕಳಿಸ್ತಾರಲ್ಲ, ನಮ್ಮನೆ ವಿಳಾಸ 2ನೇ ಮೇನ್, 4ನೇ ಕ್ರಾಸ್, 2ನೇ ಸ್ಟೇಜ್, 4ನೇ ಬ್ಲಾಕ್. ಮೂರು ಸಲ ಕಳಿಸಿದ್ರು, ಮೂರೂ ಬೇರೆ ಯಾವುದೋ 4ನೇ ಕ್ರಾಸಿಗೆ ಹೋದ್ವು. ಕೊನೆಗೆ ಪೋಸ್ಟ್‌ಮ್ಯಾನ್ ನಂಬರ್ ಇಸ್ಕೊಂಡು, ಅವರೇ ಹುಡುಕಿ ತಂದುಕೊಟ್ರು. ದೀಪಾವಳಿಗೆ ಸ್ವೀಟ್ ಬಾಕ್ಸ್ ಕೊಟ್ಟೆ. ಮೊದಲ ತಿಂಗಳ ಸಂಪಾದನೆ ಅದಕ್ಕೇ ಸರಿಹೋಯ್ತು.

ಮೂರನೇಕ್ರಾಸ್

ಎಲ್ಲರಿಗೂ ಧನ್ಯವಾದ. ಮಾಲೀಕರಿಗೆ ಫೋನ್ ಮಾಡಿ ಹನ್ನೆರಡು ತಿಂಗಳದ್ದು ಕೇಳಿದೆ. ತಕರಾರಿಲ್ಲದೆ ಅನುಮತಿ ಕೊಟ್ರು. ವರ್ಷದ ಮೊತ್ತ 62,400. ಅಂದ್ರೆ ತಿಂಗಳಿಗೆ 5,200. ಆ ಮೂರು ತಿಂಗಳು ಬಿಟ್ರೆ ಉಳಿದ ಒಂಬತ್ತು ತಿಂಗಳು ಸೇರಿ 20,400 ಅಷ್ಟೆ.

ಎಸ್ಪಿರೋಡ್_ಎಂಜಿನಿಯರ್

25 ಪಟ್ಟು ಹಿಡಿದ್ರೂ 1,30,000. ಅದರಲ್ಲೂ ಅವರು ತಮ್ಮ ಕೂಲಿ ಕಳೆದಿಲ್ಲ. ಅಧಿಸೂಚನೆ ಬಂದ ಗಂಟೆಯೊಳಗೆ ಹಾಕೋರು ಬೇಕಲ್ಲ, ದಿನಕ್ಕೆ ಎರಡು ಗಂಟೆ ಕೆಲಸಕ್ಕೆ ಒಬ್ಬ ಹುಡುಗನ್ನ ಇಟ್ರೆ 5,200 ಅಲ್ಲೇ ಹೋಯ್ತು. ಲಾಭ ಸೊನ್ನೆ. ಸೊನ್ನೆನ 25ರಿಂದ ಗುಣಿಸಿ ನೋಡಿ.

ಹುಬ್ಳಿಯಾಂವ

ಮೂರೂವರಿ ಲಕ್ಷ ಉಳೀತಲ್ಲರೀ. ನಮಗೊಂದು ಗಿರ್ಮಿಟ್ ಕೊಡಿಸ್ರಿ.

ತುಮಕೂರು_ಹೊಸಬ (ಇವತ್ತು ಸೇರಿದವರು)

ನಮಸ್ಕಾರ. ಆ ಬ್ಲಾಗು ನಂದೇ. ಕೊಳ್ಳೋಕೆ ಬಂದಿರೋ ಸಾರ್ ಅವರೇ ಲಿಂಕ್ ಕಳಿಸಿದ್ರು, ಎಲ್ಲಾ ಓದಿದೆ. ಸ್ವಲ್ಪ ಬೇಜಾರಾಯ್ತು, ಸ್ವಲ್ಪ ನಗು ಬಂತು.

ಮೋಸ ಮಾಡ್ಬೇಕು ಅಂತಿರಲಿಲ್ಲ. "ಇತ್ತೀಚಿನ ಮೂರು ತಿಂಗಳು ಕಳಿಸಿ" ಅಂದ್ರು, ಕಳಿಸಿದೆ. ಹನ್ನೆರಡರದ್ದು ನಾನಾಗೇ ಹೇಳಬೇಕಿತ್ತು, ಹೇಳ್ಲಿಲ್ಲ. ಅದು ನನ್ನ ತಪ್ಪು.

ಯಾಕೆ ಮಾರ್ತೀಯ ಅಂತ ಮೇಲೊಬ್ರು ಕೇಳಿದ್ದಾರೆ. ನಾಲ್ಕು ವರ್ಷ ಬೇರೆಯವರಿಗೆ ಅಧಿಸೂಚನೆ ಹಾಕ್ತಾ ಹಾಕ್ತಾ ನಾನೂ ಪರೀಕ್ಷೆ ಬರೆದೆ. ಈ ಸಲ ಆಯ್ಕೆ ಆದೆ, ಮುಂದಿನ ತಿಂಗಳು ಕೆಲಸಕ್ಕೆ ಸೇರ್ಬೇಕು. ಸರ್ಕಾರಿ ನೌಕರ ಆದ್ಮೇಲೆ ಅನುಮತಿ ಇಲ್ಲದೆ ವ್ಯಾಪಾರ ನಡೆಸೋ ಹಾಗಿಲ್ಲ, ನಡತೆ ನಿಯಮ ಇದೆ. ಬೀಗ ಹಾಕೋಕೆ ಮನಸ್ಸು ಬರ್ತಿಲ್ಲ. 600 ಪೋಸ್ಟೂ ಮೊಬೈಲಲ್ಲೇ ಕುಟ್ಟಿದ್ದು. ಕೆಲವು ಬಸ್ಸಲ್ಲಿ ನಿಂತ್ಕೊಂಡು.

ಹಾಸನದ_ಹುಡುಗಿ

ಅಭಿನಂದನೆ ಅಣ್ಣಾ!! ಮೊದಲು ಅದನ್ನ ಹೇಳ್ಬಾರ್ದಾ.

ಹಳೇಕೀಬೋರ್ಡ್

ಅಭಿನಂದನೆಗಳು. ಈ ಚರ್ಚೆಯಲ್ಲಿ ಮೊದಲ ಸಲ ಬ್ಲಾಗ್ ಬರೆದವನೊಬ್ಬನಿಗೆ ಲಾಭ ಆಗಿದ್ದು ಕಂಡೆ.

ಎಸ್ಪಿರೋಡ್_ಎಂಜಿನಿಯರ್

ಅಭಿನಂದನೆ. ಹಸು ಪ್ರಶ್ನೆ ವಾಪಸ್ ತಗೋತೀನಿ, ಬೆಲೆ ಮಾತು ತಗೊಳಲ್ಲ.

ಮೂರನೇಕ್ರಾಸ್

ತುಮಕೂರಿನವರೇ, ಇಲ್ಲೇ ಹೇಳ್ತೀನಿ. 70,000. ಅರ್ಧ ಈಗ, ಅರ್ಧ ನನ್ನ ಹೆಸರಲ್ಲಿ ಆಡ್‌ಸೆನ್ಸ್ ಒಪ್ಪಿಗೆ ಸಿಕ್ಕಿದ ದಿನ. ನಮ್ಮ ತಂಗಿ ಎಂಕಾಂ ಮುಗಿಸಿ ಪರೀಕ್ಷೆಗೆ ಓದ್ತಿದ್ದಾಳೆ. ಹೇಗೂ ದಿನಾ ಅಧಿಸೂಚನೆ ಹುಡುಕ್ತಾಳೆ, ಹುಡುಕಿದ್ದನ್ನ ಬರೀತೀನಿ ಅಂತಿದ್ದಾಳೆ.

ತುಮಕೂರು_ಹೊಸಬ

85 ಮಾಡಿ ಸಾರ್. ಟೆಲಿಗ್ರಾಂ ಚಾನಲ್ಲೂ ಸೇರಿಸಿ ಕೊಡ್ತೀನಿ. ಹೇಗೆ ಮಾಡೋದು ಅಂತ ತಂಗಿಗೆ ಕೂತು ಹೇಳ್ಕೊಡ್ತೀನಿ.

ಮಾಡರೇಟರ್

ಚೌಕಾಸಿ ದಯವಿಟ್ಟು ಖಾಸಗಿ ಸಂದೇಶದಲ್ಲಿ.

ಕೋರ್ಟ್_ಕಾರಿಡಾರ್

ಚೌಕಾಸಿ ಎಲ್ಲಾದ್ರೂ ಮಾಡಿ, ಕರಾರು ಮಾತ್ರ ಇ-ಸ್ಟ್ಯಾಂಪ್ ಮೇಲೆ. ಕೃತಿಸ್ವಾಮ್ಯ ಪೂರ್ಣಾವಧಿಗೆ, ಎಲ್ಲಾ ದೇಶಗಳಿಗೆ ಅಂತ ಬರೆಸಿ. ಡೊಮೇನ್ ನಿಮ್ಮ ಖಾತೆಗೆ ಬಂದ ಮೇಲೆ ರಿಕವರಿ ಫೋನ್ ನಂಬರ್ ಬದಲಾಗಿದೆಯಾ ನೋಡಿ.

ಮೂರನೇಕ್ರಾಸ್

ಭಾನುವಾರ ತುಮಕೂರಿಗೆ ಹೋಗ್ತಿದ್ದೀವಿ, ಅಮ್ಮನೂ ಬರ್ತಾರಂತೆ. "ಸೈಟ್ ನೋಡ್ದೆ ದುಡ್ಡು ಕೊಡ್ಬೇಡ" ಅಂತ ಹಟ.

ಬಿಸಿಬೇಳೆ_ಬ್ರೋ

ಹೋಗ್ತಾ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿ.

ಜಾಲಹಳ್ಳಿ_ಕ್ರಾಸ್

ತಟ್ಟೆ ಇಡ್ಲಿ ಅಂದ್ರೆ ಬಿಡದಿ. ಕ್ಯಾತ್ಸಂದ್ರದ್ದು ಬರೀ ಹೆಸರು.

ತುಮಕೂರು_ಹೊಸಬ

ಜಾಲಹಳ್ಳಿಯವರೇ, ಬ್ಲಾಗಿನ ಬಗ್ಗೆ ಏನು ಬೇಕಾದ್ರೂ ಅನ್ನಿ. ಇಡ್ಲಿ ವಿಷಯಕ್ಕೆ ಬರ್ಬೇಡಿ.